86 ಮಂದಿ ಪಾಸಿಟಿವ್. ಅವರಲ್ಲಿ ವ್ಯಸನಿಗಳು ಎಷ್ಟು ಮಂದಿ?

2024ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಒಂದು ಫಾರ್ಮ್‌ಹೌಸ್ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ದಾಳಿ ಮಾಡಿದ್ದು ನಿಮಗೆ ನೆನಪಿರಬಹುದು. ಹುಟ್ಟುಹಬ್ಬದ ಹೆಸರಲ್ಲಿ ನಡೆದ ಪಾರ್ಟಿ. 103 ಮಂದಿಯ ರಕ್ತದ ಸ್ಯಾಂಪಲ್ ತೆಗೆದರು, 86 ಮಂದಿಯದು ಪಾಸಿಟಿವ್ ಬಂತು. ಗಂಡಸರೆಷ್ಟು, ಹೆಂಗಸರೆಷ್ಟು, ಸಿನಿಮಾದವರು ಯಾರ್ಯಾರು ಎಂಬ ಲೆಕ್ಕದಲ್ಲೇ ಟಿವಿಗಳ ಒಂದು ವಾರ ಕಳೆದುಹೋಯಿತು.

ಆ ವಾರ ನಾನೂ ಅದೇ ಲೆಕ್ಕ ಬರೆಯುತ್ತಿದ್ದೆ. 103ರಲ್ಲಿ 86 ಅಂದ್ರೆ ಶೇ 83ಕ್ಕೂ ಹೆಚ್ಚು. ಹೆಡ್‌ಲೈನ್‌ಗೆ ಹೇಳಿ ಮಾಡಿಸಿದ ನಂಬರ್. ಆ ರಾತ್ರಿ ನನ್ನ ಹಳೆಯ ಹಾಸ್ಟೆಲ್ ರೂಮ್‌ಮೇಟ್‌ನಿಂದ ಒಂದು ಮೆಸೇಜ್ ಬಂತು: "ಮಗಾ, ಈ 86ರಲ್ಲಿ ನನ್ನ ಥರದವ್ರು ಎಷ್ಟ್ ಜನ ಅಂತ ಏನಾದ್ರೂ ಗೊತ್ತಾಯ್ತಾ?"

ಗೊತ್ತಿರಲಿಲ್ಲ. ನನಗಷ್ಟೇ ಅಲ್ಲ, ಪೊಲೀಸರ ಪ್ರಕಟಣೆಯಲ್ಲೂ ಇರಲಿಲ್ಲ, ಯಾವ ಆಂಕರ್ ಕೂಡ ಕೇಳಲಿಲ್ಲ. ಅವನು ವ್ಯಸನಿ. ಈ ಪದವನ್ನು ಅವನೇ ತನ್ನ ಬಗ್ಗೆ ಬಳಸುತ್ತಾನೆ, ಹಾಗಾಗಿ ನಾನೂ ಬಳಸುತ್ತಿದ್ದೇನೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಿದ್ದಾನೆ, ಗುರುತು ಸಿಗುವ ಒಂದೆರಡು ವಿವರ ಬಿಟ್ಟಿದ್ದೇನೆ.

ಮೊದಲು ಈ 'ಪಾಸಿಟಿವ್' ಅಂದ್ರೆ ಏನು ನೋಡೋಣ. ಲ್ಯಾಬ್ ಹೇಳುವುದು ಇಷ್ಟೇ: ಈ ವ್ಯಕ್ತಿಯ ದೇಹದಲ್ಲಿ ಇಂಥ ಪದಾರ್ಥ ಅಥವಾ ಅದು ಒಡೆದು ಆದ ಇನ್ನೊಂದು ಪದಾರ್ಥ ಇದೆ. ಕೊಕೇನ್ ತೆಗೆದುಕೊಂಡವರ ಮೂತ್ರದಲ್ಲಿ ಅದರ ಗುರುತು ಎರಡು-ಮೂರು ದಿನ ಉಳಿಯುತ್ತದೆ. ಗಾಂಜಾ ಅಪರೂಪಕ್ಕೆ ಸೇದುವವರಲ್ಲಿ ಕೆಲವು ದಿನ, ದಿನಾ ಸೇದುವವರಲ್ಲಿ ಬಿಟ್ಟ ಮೇಲೂ ಮೂರ್ನಾಲ್ಕು ವಾರ. ಕೂದಲಲ್ಲಾದರೆ ತಿಂಗಳುಗಟ್ಟಲೆ. 2020ರ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣದಲ್ಲಿ ನಟಿಯರ ಕೂದಲನ್ನು ಹೈದರಾಬಾದ್‌ನ ಲ್ಯಾಬ್‌ಗೆ ಕಳಿಸಿದ್ದು ಇದೇ ಕಾರಣಕ್ಕೆ. ಮೊದಲ ಸಲ ಸೇದಿ ಕೆಮ್ಮಿದವನೂ, ಹತ್ತು ವರ್ಷದಿಂದ ಅದಿಲ್ಲದೆ ಹಾಸಿಗೆಯಿಂದ ಏಳಲಾಗದವನೂ ಈ ಟೆಸ್ಟ್‌ನಲ್ಲಿ ಒಂದೇ. ನಾನು ಓದಿದ್ದು ಇನ್‌ಸ್ಟ್ರುಮೆಂಟೇಷನ್. ಸೆನ್ಸರ್ ಒಂದು ರೀಡಿಂಗ್ ಕೊಟ್ಟಿತು ಅಂದ ಮಾತ್ರಕ್ಕೆ ಮಷೀನ್ ಕೆಟ್ಟಿದೆ ಅಂತ ಬರೆದರೆ ನಮ್ಮ ಲ್ಯಾಬ್ ಮೇಷ್ಟ್ರು ರೆಕಾರ್ಡ್ ಬುಕ್ ಮುಖಕ್ಕೆ ಎಸೆಯುತ್ತಿದ್ದರು.

ವ್ಯಸನ ಬೇರೆ. ವೈದ್ಯರು ನೋಡುವುದು ಬೇರೆ ಲಕ್ಷಣಗಳನ್ನು: ಮೊದಲಿನ ಮತ್ತಿಗೆ ಈಗ ಹೆಚ್ಚು ಡೋಸ್ ಬೇಕಾಗುವುದು, ಬಿಟ್ಟರೆ ದೇಹ ಬಂಡೇಳುವುದು, ನಿಲ್ಲಿಸಬೇಕೆಂದು ಹೊರಟರೂ ನಿಲ್ಲಿಸಲಾಗದಿರುವುದು, ಕೆಲಸ, ಮನೆ, ಸ್ನೇಹ ಎಲ್ಲಕ್ಕಿಂತ ಅದೇ ಮುಂದೆ ಬಂದು ಕೂರುವುದು, ಹಾನಿ ಕಣ್ಣಿಗೆ ಕಂಡರೂ ಕೈ ಅಲ್ಲಿಗೇ ಹೋಗುವುದು. ಇದು ರಕ್ತದ ಹನಿಯಲ್ಲಿ ಸಿಗಲ್ಲ. ಎದುರು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರೆ ಸಿಗುತ್ತದೆ.

ಬಳಸಿದವರೆಲ್ಲ ವ್ಯಸನಿಗಳಾಗಲ್ಲ ಎಂಬುದೂ ಹಳೆಯ ಮಾಹಿತಿಯೇ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ಈ ವಿಷಯ ಓದುವವರೆಲ್ಲ ಇವತ್ತಿಗೂ ಉಲ್ಲೇಖಿಸುತ್ತಾರೆ. ಒಮ್ಮೆಯಾದರೂ ಬಳಸಿದವರಲ್ಲಿ ಎಷ್ಟು ಮಂದಿ ಮುಂದೆ ಅವಲಂಬಿತರಾದರು ಎಂಬ ಲೆಕ್ಕ ಅದು. ತಂಬಾಕು ಶೇ 32, ಹೆರಾಯಿನ್ ಶೇ 23, ಕೊಕೇನ್ ಶೇ 17, ಮದ್ಯ ಶೇ 15, ಗಾಂಜಾ ಶೇ 9. ಪಟ್ಟಿಯ ತುದಿಯಲ್ಲಿ ಇರುವುದು ಯಾವುದು ನೋಡಿ. ಅದು ನಮ್ಮೂರ ಪ್ರತಿ ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲಿ ತೂಗುಹಾಕಿರುತ್ತದೆ.

ಈ ಅಂಕಿಯನ್ನು ಹಿಡಿದು "ನೋಡಿದ್ರಾ, ಗಾಂಜಾ ಏನೂ ಮಾಡಲ್ಲ" ಅನ್ನುವ ಗೆಳೆಯರೂ ನನಗಿದ್ದಾರೆ. ಇನ್‌ಸ್ಟಾದಲ್ಲಿ ಅವರ ಸಂಖ್ಯೆ ಇನ್ನೂ ಜಾಸ್ತಿ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಗಾಂಜಾವೇ ಪ್ರಸಾದ, ಭಂಗಿ ಸೊಪ್ಪಿಗೆ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯೇ ವಿನಾಯಿತಿ ಕೊಟ್ಟಿದೆ, ಇತ್ಯಾದಿ. ಎಲ್ಲ ಸರಿ. ಆದರೆ ಜಾತ್ರೆಯಲ್ಲಿ ಕೈಗೆ ಸಿಗುವ ಒಂದು ಚಿಟಿಕೆಯೂ, ಬ್ಯಾಂಕಾಕ್‌ನಿಂದ ಸೂಟ್‌ಕೇಸ್‌ನಲ್ಲಿ ಬಂದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರ ಕೈಗೆ ಸಿಗುತ್ತಿರುವ ಹೈಡ್ರೋ ಗಾಂಜಾವೂ ಒಂದೇ ಅಲ್ಲ. ಎರಡನೆಯದನ್ನು ಬೆಳೆಸುವುದೇ ಮತ್ತೇರಿಸುವ ಟಿಎಚ್‌ಸಿ ಅಂಶ ಹೆಚ್ಚಿರಲಿ ಅಂತ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಅವಲಂಬನೆ ಆರರಲ್ಲಿ ಒಬ್ಬರ ಮಟ್ಟಕ್ಕೆ ಹೋಗುತ್ತದೆ. ಕುಟುಂಬದಲ್ಲಿ ಮನೋರೋಗದ ಹಿನ್ನೆಲೆ ಇದ್ದವರಿಗೆ ದಿನಾ ಸೇದುವ ಗಾಂಜಾ ಆ ಬಾಗಿಲನ್ನು ತೆರೆದುಬಿಡಬಹುದು. ನಮ್ಮ ಹಾಸ್ಟೆಲ್‌ನಲ್ಲಿ ಸೇದಿದವರಲ್ಲಿ ಹೆಚ್ಚಿನವರು ಈಗ ಇಎಂಐ ಕಟ್ಟಿಕೊಂಡು, ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ಮ್ಯಾನೇಜರ್‌ಗಳು. ಒಬ್ಬ ಮಾತ್ರ ಆರನೇ ಸೆಮಿಸ್ಟರ್‌ನಲ್ಲಿ, ಸೀಲಿಂಗ್ ಫ್ಯಾನ್‌ನೊಳಗೆ ಯಾರೋ ತನ್ನ ಮಾತು ಕದ್ದು ಕೇಳುತ್ತಿದ್ದಾರೆ ಅಂತ ಸ್ಕ್ರೂಡ್ರೈವರ್ ಹಿಡಿದು ಮಂಚದ ಮೇಲೆ ಹತ್ತಿದ. ಅವನ ಅಪ್ಪ ಬಂದು ಕರೆದುಕೊಂಡು ಹೋದರು. ಆಮೇಲೆ ಕಾಲೇಜಿಗೆ ಬರಲಿಲ್ಲ. ನಾವು ಅದರ ಬಗ್ಗೆ ಜೋಕ್ ಮಾಡಿಕೊಂಡು ಎರಡು ವರ್ಷ ಕಳೆದೆವು.

ನನ್ನ ರೂಮ್‌ಮೇಟ್ ಆ ಗುಂಪಲ್ಲೇ ಇರಲಿಲ್ಲ. ಚಳ್ಳಕೆರೆ ಕಡೆಯ ಹುಡುಗ, ಹೊಗೆ ಬಂದರೆ ಕಿಟಕಿ ತೆಗೆಯುತ್ತಿದ್ದವನು. 2014ರಲ್ಲಿ ಬೆಂಗಳೂರಲ್ಲಿ ಬೈಕ್ ಆಕ್ಸಿಡೆಂಟ್ ಆಯಿತು. ಮೊಣಕಾಲಿಗೆ ಆಪರೇಷನ್, ನೋವಿಗೆ ಟ್ರಮಡಾಲ್ ಮಾತ್ರೆ. ಚೀಟಿಯಲ್ಲಿ ಬರೆದದ್ದು ಹತ್ತು ದಿನಕ್ಕೆ. ಚೀಟಿ ಹಳೆಯದಾದರೂ ಅಂಗಡಿಯವನು ಕೊಡುತ್ತಿದ್ದ. "ನೋವು ಹೋಗ್ಲಿ ಅಂತ ತಗೊಂಡೆ, ಆಮೇಲೆ ನೋವೇ ಇರ್ಲಿಲ್ಲ ಮಗಾ, ಆದ್ರೂ ತಗೊಂಡೆ. ಆಫೀಸ್‌ನಲ್ಲಿ ಮೀಟಿಂಗ್ ಇದ್ರೆ ಒಂದು, ಇಲ್ದಿದ್ರೆ ಎರಡು" ಅಂದಿದ್ದ.

ಟ್ರಮಡಾಲ್, ಟಪೆಂಟಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್, ಮಾರ್ಫಿನ್, ಹೆರಾಯಿನ್ ಎಲ್ಲ ಒಂದೇ ಕುಟುಂಬ, ಓಪಿಯಾಯ್ಡ್‌ಗಳು. ಮಿದುಳಿನಲ್ಲಿ ನೋವನ್ನೂ ನೆಮ್ಮದಿಯನ್ನೂ ನಿಭಾಯಿಸುವ ಕೆಲವು ಗ್ರಾಹಕಗಳಿವೆ. ನಮ್ಮ ದೇಹ ತಾನೇ ತಯಾರಿಸುವ ಎಂಡಾರ್ಫಿನ್‌ಗೆ ಇಟ್ಟ ಕುರ್ಚಿಗಳು ಅವು. ಈ ಔಷಧಗಳು ಬಂದು ಅಲ್ಲಿ ಕೂರುತ್ತವೆ. ದಿನಾ ಕೂತರೆ ಮಿದುಳು ಹೊಂದಿಕೊಂಡು ತನ್ನ ಕಡೆಯಿಂದ ವಾಲ್ಯೂಮ್ ತಗ್ಗಿಸುತ್ತದೆ. ಆಗ ಹಳೆಯ ಡೋಸ್ ಸಾಲದು. ಒಂದು ದಿನ ತಪ್ಪಿದರೆ ಮೂಗು ಸೋರಿ, ಮೈ ಚಳಿ ಹತ್ತಿ, ಹೊಟ್ಟೆ ತೊಳೆಸಿ, ಕಾಲು ತಾನೇ ಒದ್ದುಕೊಳ್ಳುತ್ತದೆ. ಈ ಹಂತದಲ್ಲಿ ಯಾರೂ ಮಜಾಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದು ಸಾಮಾನ್ಯ ಮನುಷ್ಯನ ಹಾಗೆ ಹಲ್ಲುಜ್ಜಲು ತೆಗೆದುಕೊಳ್ಳುತ್ತಾರೆ.

ಅದೇ ಕುರ್ಚಿಗಳು ಮಿದುಳ ಕಾಂಡದಲ್ಲೂ ಇವೆ. ಉಸಿರಾಟದ ಲಯ ಕಾಯುವ ಜಾಗ ಅದು. ಡೋಸ್ ಮಿತಿ ಮೀರಿದರೆ ಉಸಿರಾಡು ಎಂಬ ಆಜ್ಞೆಯೇ ನಿಂತುಹೋಗುತ್ತದೆ. ಮದ್ಯ ಅಥವಾ ಆಲ್ಪ್ರಜೋಲಾಂ ಥರದ ನಿದ್ದೆ ಮಾತ್ರೆ ಜೊತೆಗಿದ್ದರೆ ಮಿತಿ ಮೀರದ ಡೋಸ್ ಕೂಡ ಸಾಕು.

2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲನ್ನು ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿತು. ಸೇರಿಸಬೇಕಿತ್ತು, ತಕರಾರಿಲ್ಲ. ಅಂಗಡಿಯವನು ದಿಢೀರನೆ ಕಾನೂನಿನ ಮನುಷ್ಯನಾದ. ಆದರೆ ಅದನ್ನು ದಿನಾ ನುಂಗುತ್ತಿದ್ದವರು ನಾಳೆಯಿಂದ ಏನು ಮಾಡಬೇಕು ಎಂಬುದು ಆ ಅಧಿಸೂಚನೆಯಲ್ಲಿರಲಿಲ್ಲ. ಹಲವು ರಾಜ್ಯಗಳಲ್ಲಿ ಆದದ್ದೇ ನನ್ನ ಗೆಳೆಯನಿಗೂ ಆಯಿತು: ಟ್ರಮಡಾಲ್ ಬಿಟ್ಟ ಜಾಗಕ್ಕೆ ಟಪೆಂಟಡಾಲ್ ಬಂತು. ಬೆಂಗಳೂರು ಪೊಲೀಸರು ವಶಪಡಿಸಿಕೊಂಡ ಮಾತ್ರೆಗಳ ಸುದ್ದಿಯಲ್ಲಿ ಈಗ ಆ ಹೆಸರು ಆಗಾಗ ನೋಡುತ್ತೀರಿ. ನುಂಗಲು ಮಾಡಿದ ಮಾತ್ರೆಯನ್ನು ನರಕ್ಕೆ ಚುಚ್ಚಿಕೊಳ್ಳುವವರಿದ್ದಾರೆ. ಮಾತ್ರೆಯಲ್ಲಿ ಔಷಧದ ಜೊತೆ ಸೇರಿಸಿದ ಪುಡಿ ಕರಗುವುದಿಲ್ಲ, ರಕ್ತನಾಳ ಕಟ್ಟಿ ಕೈ ಕೊಳೆಯುತ್ತದೆ. ಸಿರಿಂಜ್ ಹಂಚಿಕೊಂಡರೆ ಹೆಪಟೈಟಿಸ್ ಸಿ, ಎಚ್‌ಐವಿ. 2018ರ ಕೊನೆಗೆ ನನ್ನ ಗೆಳೆಯ ಅಲ್ಲಿಗೆ ತಲುಪಿದ್ದ. ಬೇಸಿಗೆಯಲ್ಲೂ ಫುಲ್ ತೋಳಿನ ಶರ್ಟ್. ನಾನು ಅದನ್ನು ಸ್ಟೈಲ್ ಅಂದುಕೊಂಡಿದ್ದೆ.

ಮನೆಯವರಿಗೆ ಗೊತ್ತಾಗಿದ್ದು 2019ರಲ್ಲಿ. ಅವರ ಸಂಬಂಧಿಕರೊಬ್ಬರು ಹೇಳಿದ ಒಂದು ಖಾಸಗಿ 'ವ್ಯಸನಮುಕ್ತಿ ಕೇಂದ್ರ'ಕ್ಕೆ ಸೇರಿಸಿದರು. ಮೂರು ತಿಂಗಳ ಪ್ಯಾಕೇಜ್. ಫೋನ್ ಇಲ್ಲ, ಭೇಟಿ ಇಲ್ಲ, ಡಾಕ್ಟರ್ ವಾರಕ್ಕೊಮ್ಮೆ ಬಂದು ಸಹಿ ಹಾಕಿ ಹೋಗುವುದು. ಹೇಳಿದ್ದು ಕೇಳದಿದ್ದರೆ ಏಟು. ಮೊದಲ ಐದು ದಿನ ಅವನನ್ನು ಕಿಟಕಿಯ ಸರಳಿಗೆ ಕಟ್ಟಿದ್ದರಂತೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಡ್ರಗ್ಸ್ ವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಅನಾರೋಗ್ಯದ ವ್ಯಾಖ್ಯೆಯಲ್ಲಿ ಸೇರಿಸಿದೆ. ಕ್ರೌರ್ಯದಿಂದ ರಕ್ಷಣೆ ಹಕ್ಕು ಎಂದಿದೆ, ಸರಪಳಿ ಹಾಕುವುದನ್ನು ನಿಷೇಧಿಸಿದೆ, ಇಂಥ ಕೇಂದ್ರಗಳು ನೋಂದಣಿ ಮಾಡಿಸಲೇಬೇಕು ಅಂದಿದೆ. ಅವನ ಅಮ್ಮನಿಗೆ ಇದು ಗೊತ್ತಿರಲಿಲ್ಲ. ಪತ್ರಕರ್ತನಾದ ನನಗೂ ಆಗ ಗೊತ್ತಿರಲಿಲ್ಲ, ಅವರನ್ನು ದೂರಿ ಏನು ಬಂತು?

ಮೂರು ತಿಂಗಳು ಮುಗಿಸಿ ಬಂದಾಗ ಮೈ ತುಂಬಿಕೊಂಡಿದ್ದ, ದೇವಸ್ಥಾನಕ್ಕೆಲ್ಲ ಹೋದ. ಒಂಬತ್ತನೇ ದಿನ ಹಳೆಯ ಡೋಸ್ ತೆಗೆದುಕೊಂಡ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕಂದ್ರೆ ಇದು ಗೊತ್ತಿಲ್ಲದೆ ಜನ ಸಾಯುತ್ತಾರೆ. ದೇಹಕ್ಕೆ ಬಂದಿದ್ದ ಸಹನಶಕ್ತಿ ಕೆಲವೇ ವಾರ ಬಿಟ್ಟರೂ ಇಳಿದುಹೋಗುತ್ತದೆ. ಆಸೆ ಮಾತ್ರ ಇಳಿಯುವುದಿಲ್ಲ. ಮೂರು ತಿಂಗಳ ಹಿಂದೆ ಬರೀ ಮಂಪರು ತರುತ್ತಿದ್ದ ಪ್ರಮಾಣ ಈಗ ಉಸಿರು ನಿಲ್ಲಿಸುತ್ತದೆ. ಜೈಲಿನಿಂದ ಅಥವಾ ಇಂಥ ಕೇಂದ್ರದಿಂದ ಹೊರಬಂದ ಮೊದಲ ವಾರಗಳು ಓಪಿಯಾಯ್ಡ್ ವ್ಯಸನಿಯ ಬದುಕಿನ ಅತಿ ಅಪಾಯದ ವಾರಗಳು. ಅಂದರೆ ಚಿಕಿತ್ಸೆ ಕೊಡದೆ ಬರೀ ಕೂಡಿಹಾಕಿ ಬಿಡುಗಡೆ ಮಾಡುವುದು ಅವನನ್ನು ಮೊದಲಿಗಿಂತ ಹೆಚ್ಚು ಅಪಾಯಕ್ಕೆ ತಳ್ಳುತ್ತದೆ.

ಆ ರಾತ್ರಿ ನಾವು ಮೂವರು ಅವನ ಮನೆಯಲ್ಲಿದ್ದೆವು. ಬಾತ್‌ರೂಮ್‌ನಿಂದ ಗೊರಗೊರ ಸದ್ದು ಬಂತು. ಬಾಗಿಲು ಒಡೆದು ನೋಡಿದರೆ ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆ, ಪಕ್ಕದಲ್ಲಿ ಸಿರಿಂಜ್. ಒಬ್ಬ ಮುಖಕ್ಕೆ ನೀರು ಎರಚಿದ. ಇನ್ನೊಬ್ಬ ನಿಂಬೆಹಣ್ಣು ಹಿಂಡಿ ಬಾಯಿಗೆ ಬಿಡಲು ನೋಡಿದ. ಯಾವುದೂ ಕೆಲಸ ಮಾಡಲ್ಲ, ಎರಡನೆಯದಂತೂ ಶ್ವಾಸಕೋಶಕ್ಕೆ ಹೋಗಿ ಕೊಲ್ಲಬಹುದು. ನಾನು ಫೋನ್ ಕೈಯಲ್ಲಿ ಹಿಡಿದು 108 ಒತ್ತಿ, ಕರೆ ಹೋಗುವ ಮೊದಲೇ ಕಟ್ ಮಾಡಿದೆ. ಆಂಬುಲೆನ್ಸ್ ಬಂದರೆ ಆಸ್ಪತ್ರೆ, ಆಸ್ಪತ್ರೆ ಅಂದರೆ ಎಂಎಲ್‌ಸಿ, ಎಂಎಲ್‌ಸಿ ಅಂದರೆ ಪೊಲೀಸ್. ಮನೆ ಬಾಡಿಗೆ ಕರಾರು ನಮ್ಮಲ್ಲೊಬ್ಬನ ಹೆಸರಲ್ಲಿತ್ತು. ಅವನಿಗೆ ಅಮೆರಿಕದ ವೀಸಾ ಇಂಟರ್‌ವ್ಯೂ ಇತ್ತು. "ಸ್ವಲ್ಪ ನೋಡಣ ಇರ್ರೋ, ಎದ್ದೇಳ್ತಾನೆ" ಅಂದ. ಯಾರೂ ಇಲ್ಲ ಅನ್ನಲಿಲ್ಲ.

ನಲವತ್ತು ನಿಮಿಷ ನೋಡಿದೆವು. ಈ ನಲವತ್ತು ನಿಮಿಷಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಅವನು ನಿಮಿಷಕ್ಕೆ ನಾಲ್ಕೈದು ಸಲ ಉಸಿರಾಡುತ್ತಿದ್ದ, ನಾನು ವಾಚ್ ನೋಡಿ ಎಣಿಸುತ್ತಿದ್ದೆ. ಕೊನೆಗೆ ಕೆಳಗಿನ ಮನೆಯ ಆಂಟಿ ಸದ್ದು ಕೇಳಿ ಮೇಲೆ ಬಂದು, ನಮ್ಮನ್ನು ಬೈದು, ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದರು. ನಲಾಕ್ಸೋನ್ ಎಂಬ ಇಂಜೆಕ್ಷನ್ ಕೊಟ್ಟ ಎರಡೇ ನಿಮಿಷದಲ್ಲಿ ಎದ್ದು ಕೂತು "ಏನಾಯ್ತು?" ಅಂದ. ಓಪಿಯಾಯ್ಡ್‌ಗಳನ್ನು ಆ ಕುರ್ಚಿಗಳಿಂದ ಎಬ್ಬಿಸಿ ಓಡಿಸುವ ಔಷಧ ಅದು. ಓವರ್‌ಡೋಸ್ ಕಣ್ಣಿಗೆ ಬೀಳಬಹುದಾದ ಸ್ನೇಹಿತರು, ಮನೆಯವರ ಕೈಗೂ ಇದು ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮಲ್ಲಿ ಅದು ಆಸ್ಪತ್ರೆಯ ಕಪಾಟಿನ ಔಷಧ.

ಈಗ ಕಾನೂನಿಗೆ ಬರೋಣ. ಆ ನಲವತ್ತು ನಿಮಿಷ ನಮ್ಮನ್ನು ಕಟ್ಟಿಹಾಕಿದ್ದು ಅದರ ಭಯ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೇ ಅಪರಾಧ. ಕೊಕೇನ್, ಹೆರಾಯಿನ್, ಮಾರ್ಫಿನ್ ಥರದವಕ್ಕೆ ಒಂದು ವರ್ಷದವರೆಗೆ, ಗಾಂಜಾ ಸೇರಿ ಉಳಿದವಕ್ಕೆ ಆರು ತಿಂಗಳವರೆಗೆ ಜೈಲು. ಇಟ್ಟುಕೊಂಡದ್ದಕ್ಕೆ ಪ್ರಮಾಣ ನೋಡಿ ಶಿಕ್ಷೆ. ಗಾಂಜಾ 1 ಕೆಜಿವರೆಗೆ 'ಸಣ್ಣ ಪ್ರಮಾಣ', 20 ಕೆಜಿ ದಾಟಿದರೆ 'ವಾಣಿಜ್ಯ ಪ್ರಮಾಣ'. ಎಂಡಿಎಂಎಗೆ ಇದೇ ಅಳತೆ ಅರ್ಧ ಗ್ರಾಂ ಮತ್ತು 10 ಗ್ರಾಂ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದು ಬಲು ಕಷ್ಟ. ವಾರಾಂತ್ಯದ ಪಾರ್ಟಿಗೆ ಗೆಳೆಯರ ಗುಂಪಿಗೆಲ್ಲ ಸೇರಿಸಿ ಒಬ್ಬನೇ ತರುವವನು ಈ ಗ್ರಾಂಗಳ ಲೆಕ್ಕವನ್ನು ಸಾಮಾನ್ಯವಾಗಿ ಠಾಣೆಯಲ್ಲೇ ಮೊದಲ ಬಾರಿ ಕೇಳುತ್ತಾನೆ.

ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯಲು ಮುಂದೆ ಬಂದು, ಅದನ್ನು ಪೂರ್ತಿ ಮಾಡಿದರೆ ಅವನ ಮೇಲೆ ಆ ಕೇಸು ನಡೆಸುವಂತಿಲ್ಲ. 39ನೇ ಸೆಕ್ಷನ್ ಪ್ರಕಾರ ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಎಷ್ಟು ಕಾಲೇಜುಗಳ 'ಡ್ರಗ್ಸ್ ಜಾಗೃತಿ' ಕಾರ್ಯಕ್ರಮದಲ್ಲಿ 64ಎ ಬಗ್ಗೆ ಹೇಳಿದ್ದನ್ನು ನೀವು ಕೇಳಿದ್ದೀರಿ? ನಾನು ವರದಿ ಮಾಡಿದ ಒಂದರಲ್ಲೂ ಕೇಳಿಲ್ಲ. ಅಲ್ಲಿ ಎಷ್ಟು ವರ್ಷ ಜೈಲು, ಎಷ್ಟು ಮಂದಿಯ ಮೇಲೆ ಎಫ್‌ಐಆರ್ ಅಂತ ಸ್ಲೈಡ್ ತೋರಿಸುತ್ತಾರೆ. ಆಮೇಲೆ ಪ್ರತಿಜ್ಞಾವಿಧಿ, ಗ್ರೂಪ್ ಫೋಟೋ.

ಮಿಕ್ಕ ಮೂವರ ವಿಷಯಕ್ಕೆ, ಅಂದರೆ ಫೋನ್ ಮಾಡಬೇಕಾದ ಗೆಳೆಯರಿಗೆ, ಈ ಕಾಯ್ದೆಯಲ್ಲಿ ಏನೂ ಇಲ್ಲ. ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಠಾಣೆಗೆ ಅಲೆಸಬಾರದು ಅಂತ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ. ಹಾಗೆ ಅಲೆಸಿದರೆ ಮುಂದಿನ ಗಾಯಾಳುವನ್ನು ಯಾರೂ ಮುಟ್ಟುವುದಿಲ್ಲ ಅಂತ ನಮಗೆ ಅರ್ಥವಾಗಿತ್ತು. ಬಾತ್‌ರೂಮ್‌ನಲ್ಲಿ ಉಸಿರು ನಿಲ್ಲುತ್ತಿರುವವನ ವಿಷಯದಲ್ಲಿ ಅದೇ ತರ್ಕ ಅರ್ಥವಾಗಲು ಏನು ಕಷ್ಟ? ಓವರ್‌ಡೋಸ್‌ಗೆ ಸಹಾಯ ಕೇಳಿ ಕರೆ ಮಾಡಿದವರ ಮೇಲೂ, ಉಳಿದುಕೊಂಡವನ ಮೇಲೂ ಸೇವನೆಯ ಕೇಸು ಹಾಕುವಂತಿಲ್ಲ ಎಂಬ ಒಂದೇ ಸಾಲು ಸಾಕು. ಮಾರುವವನಿಗೆ ಇದರಿಂದ ಯಾವ ಲಾಭವೂ ಆಗಲ್ಲ.

2021ರ ಅಕ್ಟೋಬರ್‌ನಲ್ಲಿ, ಮುಂಬೈನ ಕ್ರೂಸ್ ಹಡಗಿನ ಪ್ರಕರಣದ ಗಲಾಟೆಯ ನಡುವೆಯೇ, ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧಮುಕ್ತ ಮಾಡಿ ಬಳಕೆದಾರರನ್ನು ಚಿಕಿತ್ಸೆಗೆ ಕಳಿಸಬೇಕು ಅಂತ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಶಿಫಾರಸು ಮಾಡಿದೆ ಎಂದು ಸುದ್ದಿಯಾಯಿತು. ಎರಡು ತಿಂಗಳ ನಂತರ ಸಂಸತ್ತು ಎನ್‌ಡಿಪಿಎಸ್ ತಿದ್ದುಪಡಿಯನ್ನು ಒಪ್ಪಿತು ಕೂಡ. ಯಾವುದಕ್ಕೆ ಗೊತ್ತಾ? 2014ರ ತಿದ್ದುಪಡಿಯಲ್ಲಿ ಒಂದು ಉಪವಿಭಾಗದ ಸಂಖ್ಯೆ ಬದಲಾಗಿ, 27ಎ ಸೆಕ್ಷನ್ ಹಳೆಯ ಸಂಖ್ಯೆಯನ್ನೇ ತೋರಿಸುತ್ತಿತ್ತು. ಏಳು ವರ್ಷದ ಹಿಂದಿನ ಆ ಕರಡು ತಪ್ಪನ್ನು ಸರಿ ಮಾಡಲು.

ಇಷ್ಟೆಲ್ಲ ಹೇಳುವಾಗ ಸರ್ಕಾರವೇ ಲೈಸೆನ್ಸ್ ಕೊಟ್ಟು ಮಾರಿಸುವ ಪದಾರ್ಥವನ್ನು ಬಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. 2019ರಲ್ಲಿ ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಸುಮಾರು 16 ಕೋಟಿ ಮಂದಿ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಮಂದಿಗೆ ಕುಡಿತ ಸಮಸ್ಯೆಯಾಗಿದೆ, ಸಹಾಯ ಬೇಕಾಗಿದೆ. ಓಪಿಯಾಯ್ಡ್‌ಗಳ ವಿಷಯದಲ್ಲಿ ಹೀಗೆ ಸಹಾಯ ಬೇಕಾದವರು ಸುಮಾರು 77 ಲಕ್ಷ. ಓಪಿಯಾಯ್ಡ್ ಬಿಟ್ಟಾಗ ನರಕಯಾತನೆ, ಆದರೆ ಆರೋಗ್ಯವಂತ ವಯಸ್ಕರು ಬರೀ ಬಿಟ್ಟದ್ದಕ್ಕೆ ಸಾಯುವುದು ಅಪರೂಪ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಎರಡು-ಮೂರು ದಿನದಲ್ಲಿ ಭ್ರಮೆ ಹತ್ತಿ ಕೈಕಾಲು ನಡುಗಿ ಸಾಯಲೂಬಹುದು. ನಿದ್ದೆ ಮಾತ್ರೆಗಳೂ ಹಾಗೇ. 2020ರ ಲಾಕ್‌ಡೌನ್‌ನಲ್ಲಿ ನಲವತ್ತು ದಿನ ಅಂಗಡಿ ಮುಚ್ಚಿದಾಗ ನಾವು ಇದನ್ನು ಕಣ್ಣಾರೆ ನೋಡಿದೆವು. ಕೇರಳ ಸರ್ಕಾರ ಡಾಕ್ಟರ್ ಚೀಟಿ ಮೇಲೆ ಮದ್ಯ ಕೊಡಲು ಹೊರಟು, ಹೈಕೋರ್ಟ್ ತಡೆ ಕೊಟ್ಟಿತು. ನಮ್ಮಲ್ಲಿ ಮೇ 4ಕ್ಕೆ ಅಂಗಡಿ ತೆರೆದಾಗ ಕ್ಯೂ ಫೋಟೋ ಹಾಕಿ ನಕ್ಕೆವು. ಆ ಕ್ಯೂನಲ್ಲಿ ರೋಗಿಗಳಿದ್ದರು. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಒಂದು ಕೈಯಲ್ಲಿ ಈ ಟಾರ್ಗೆಟ್, ಇನ್ನೊಂದು ಕೈಯಲ್ಲಿ 'ಡ್ರಗ್ಸ್ ಮುಕ್ತ ಕರ್ನಾಟಕ'ದ ಬ್ಯಾನರ್.

ಆ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಇನ್ನೊಂದು ಅಂಶ ಇದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಬಳಕೆಯ ಪ್ರಮಾಣ ಹೆಚ್ಚಿರುವ ಒಂದೇ ಒಂದು ಬಗೆ ಮೂಸುವ ಪದಾರ್ಥಗಳದ್ದು. ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್. ಮೆಜೆಸ್ಟಿಕ್‌ನಲ್ಲಿ, ಕೆ.ಆರ್. ಮಾರ್ಕೆಟ್ ಫ್ಲೈಓವರ್ ಕೆಳಗೆ ಬಟ್ಟೆಯೊಂದನ್ನು ಮೂಗಿಗೆ ಒತ್ತಿಕೊಂಡ ಹುಡುಗರನ್ನು ನೀವೂ ದಾಟಿ ಹೋಗಿದ್ದೀರಿ, ನಾನೂ ಹೋಗಿದ್ದೇನೆ. ಹಸಿವು, ಚಳಿ ಎರಡನ್ನೂ ಮರೆಸುವ ಅಗ್ಗದ ದಾರಿ ಅದು. ಹೃದಯದ ಲಯ ತಪ್ಪಿ ಮೊದಲ ಸಲವೇ ಸಾಯಬಹುದಾದ ದಾರಿಯೂ ಹೌದು. ಅಲ್ಲಿಗೆ ಯಾವ ಚಾನೆಲ್‌ನ ಒಬಿ ವ್ಯಾನೂ ಬರುವುದಿಲ್ಲ.

ಫಾರ್ಮ್‌ಹೌಸ್‌ನ ಎಂಡಿಎಂಎ, ಕೊಕೇನ್ ಅಪಾಯವಿಲ್ಲದ್ದು ಅಂತ ಇದರರ್ಥ ಅಲ್ಲ. ಎಂಡಿಎಂಎ ದೇಹದ ಉಷ್ಣತೆ ನಿಯಂತ್ರಣ ಕೆಡಿಸುತ್ತದೆ, ಮುಚ್ಚಿದ ಹಾಲ್‌ನಲ್ಲಿ ಗಂಟೆಗಟ್ಟಲೆ ಕುಣಿದವರು ಮೈ ಕಾದು ಕುಸಿದು ಬೀಳುತ್ತಾರೆ. ಕೊಕೇನ್ ಮೂವತ್ತರ ಹರೆಯದವನಿಗೆ ಹಾರ್ಟ್ ಅಟ್ಯಾಕ್ ತರಬಲ್ಲದು. ಜೊತೆಗೆ ಕುಡಿದರೆ ಲಿವರ್‌ನಲ್ಲಿ ಕೊಕಾಎಥಿಲೀನ್ ಎಂಬ ಮೂರನೇ ಪದಾರ್ಥವೇ ತಯಾರಾಗಿ ಹೃದಯಕ್ಕೆ ಇನ್ನೂ ಹೊತ್ತು ಹೊಡೆತ ಕೊಡುತ್ತದೆ. ಮಾತ್ರೆಯಲ್ಲಿ ನಿಜಕ್ಕೂ ಏನಿದೆ ಅಂತ ಮಾರಿದವನಿಗೂ ಗೊತ್ತಿರಲ್ಲ. ನನ್ನ ತಕರಾರು ದಾಳಿ ಯಾಕೆ ಮಾಡಿದರು ಅಂತಲ್ಲ. ಟೆಸ್ಟ್ ಫಲಿತಾಂಶದ ನಂತರ ಪಾಸಿಟಿವ್ ಬಂದವರಿಗೆ ಪೊಲೀಸ್ ನೋಟಿಸ್ ಬಂತು. ಅವರಲ್ಲಿ ಯಾರಿಗೆ ಸಹಾಯ ಬೇಕು ಅಂತ ಕೇಳುವ ಒಬ್ಬ ಡಾಕ್ಟರ್ ಎಲ್ಲಿದ್ದರು ಅನ್ನುವುದು.

ಸಹಾಯ ಸಿಗುತ್ತದೆಯೇ? ಅದೇ 2019ರ ಸಮೀಕ್ಷೆ ಹೇಳುವಂತೆ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ, ಡ್ರಗ್ಸ್‌ಗೆ ಅವಲಂಬಿತರಾದ 20 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಅಥವಾ ನೆರವು ಸಿಕ್ಕಿದೆ. ಚಿಕಿತ್ಸೆ ಇಲ್ಲ ಅಂತಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ. ದೇಶದಾದ್ಯಂತ 14446 ಎಂಬ ಉಚಿತ ಸಹಾಯವಾಣಿ ಇದೆ. ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್‌ನ 14416, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಿಗಾದರೂ ಕೊಟ್ಟಿಟ್ಟಿರಿ. ಉಸಿರು ನಿಧಾನವಾಗಿ ಎಬ್ಬಿಸಿದರೂ ಏಳದವರ ಮುಂದೆ ನೀವು ನಿಂತಿದ್ದರೆ ಮಾತ್ರ ಈ ಎರಡೂ ಅಲ್ಲ, 108. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಏನು ತೆಗೆದುಕೊಂಡಿದ್ದಾರೆ ಅಂತ ಗೊತ್ತಿದ್ದರೆ ಡಾಕ್ಟರ್‌ಗೆ ನಿಜ ಹೇಳಿ.

ನನ್ನ ಗೆಳೆಯ ಆ ಇಪ್ಪತ್ತರಲ್ಲಿ ಒಬ್ಬನಾದ. ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಒಬ್ಬರು ಬೈಯದೆ, ಒಂದು ಹಾಳೆಯಲ್ಲಿ ವ್ಯಸನ ತಜ್ಞರ ವಿಳಾಸ ಬರೆದುಕೊಟ್ಟರು. ಅಂದಿನಿಂದ ಅವನು ಬುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿದ್ದಾನೆ. ಇದೂ ಓಪಿಯಾಯ್ಡೇ. ಆದರೆ ಆ ಕುರ್ಚಿಯಲ್ಲಿ ಅರ್ಧ ಕೂತು, ಬೇರೆಯವರಿಗೆ ಜಾಗ ಬಿಡದೆ, ಮತ್ತೂ ಏರಿಸದೆ ದಿನ ದೂಡಿಸುತ್ತದೆ. ಒಂದು ಮಿತಿಯ ಮೇಲೆ ಉಸಿರನ್ನೂ ಒತ್ತುವುದಿಲ್ಲ. ಇಂಥ ಚಿಕಿತ್ಸೆಯಲ್ಲಿ ಇರುವವರೆಗೆ ಸಾವಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. "ಒಂದು ಚಟ ಬಿಡಿಸೋಕೆ ಇನ್ನೊಂದು ಚಟಾನಾ?" ಅಂತ ಅವನ ಮಾವ ಕೇಳಿದರಂತೆ. ಶುಗರ್ ಇರುವವರಿಗೆ ಇನ್ಸುಲಿನ್ ಎಷ್ಟು ವರ್ಷ ಅಂತ ಆ ಮಾವನನ್ನು ಯಾರೂ ಕೇಳಿಲ್ಲ, ಅವರಿಗೇ ಶುಗರ್ ಇದೆ. ಎರಡು ಸಲ ಜಾರಿದ, ಎರಡು ಸಲವೂ ತಾನೇ ವಾಪಸ್ ಹೋದ. ಆಫೀಸಿಗೆ ಹೋಗುತ್ತಾನೆ, ತಂಗಿಯ ಮದುವೆ ಮಾಡಿದ. ವೀಸಾದವನು ಅಮೆರಿಕದಲ್ಲಿದ್ದಾನೆ, ನಮ್ಮ ಜೊತೆ ಮಾತಿಲ್ಲ.

ಅವನ ಅಮ್ಮ ನೆಂಟರಿಗೆ ಅದು ಬಿಪಿ ಮಾತ್ರೆ ಅಂತ ಹೇಳಿದ್ದಾರೆ. ಹೋದ ತಿಂಗಳು ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಮೆಲ್ಲಗೆ ನನ್ನನ್ನು ಕೇಳಿದರು, "ಏನಪ್ಪಾ, ಪೇಪರ್ನೋರು ನೀವು, ನಿಮಗೆ ಗೊತ್ತಿರುತ್ತೆ. ಇದನ್ನ ತಗೊಂಡ್ರೆ ಪೊಲೀಸ್ನೋರು ಏನೂ ಮಾಡಲ್ಲ ಅಲ್ವಾ?" ಡಾಕ್ಟರ್ ಬರೆದುಕೊಟ್ಟ ಔಷಧ, ಏನೂ ಮಾಡಲ್ಲ ಅಂದೆ. ಎರಡು ಸಲ ಹೇಳಿಸಿಕೊಂಡರು.

ಸೋಮವಾರ ಅವನು ಮತ್ತೆ ಮಾತ್ರೆ ತರಲು ಹೋಗಬೇಕು. ಆಫೀಸಿನಲ್ಲಿ ಹಲ್ಲುನೋವು ಅಂತ ಹೇಳಿ ಅರ್ಧ ದಿನ ರಜೆ ಹಾಕಿದ್ದಾನೆ.